ಹತ್ಯಾರಿನ ಹುಚ್ಚು

ಕೊಟ್ಟಿಗೆಯ ಗೋಡೆಗೆ ಸ್ಪ್ಯಾನರು, ಅರ, ಗರಗಸ ಸಾಲಾಗಿ ತೂಗುಹಾಕಿಕೊಂಡವರನ್ನು ಕಂಡರೆ ನಮ್ಮವರಿಗೆ ನಗು. ಆ ಹುಚ್ಚು ನನಗೂ ಇದೆ. ಅದು ದಂಡದ ಖರ್ಚೆಂದು ನಾನು ಒಪ್ಪಲಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಒಂದು ದಿನ ಬಿಡುವು ಕೊಟ್ಟಿರುತ್ತದೆ. ಅಂದೇ ಪಂಪು ಕೆಡುತ್ತದೆ. ಪೇಟೆಯಿಂದ ಮೆಕ್ಯಾನಿಕ್ ಬರುವ ಹೊತ್ತಿಗೆ ಮೋಡ ಮತ್ತೆ ಕವಿದಿರುತ್ತದೆ.

ಹಾಗೆಂದು ಕೈಗೆ ಸಿಕ್ಕಿದ್ದನ್ನು ಹಾಕಬಾರದು. ಅರ್ಧ ಇಂಚು ಅಗಲದ ನಟ್ಟೆಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರು ಹಾಕಿ ಬಲ ಬಿಟ್ಟರೆ ಮೂಲೆ ಸವೆದು, ಆಮೇಲೆ ಸರಿಯಾದ ಸ್ಪ್ಯಾನರೂ ಹಿಡಿಯದು. ಅರ ಕೊರೆಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೂ ಒತ್ತಿ ಎಳೆದರೆ ಹಲ್ಲು ಮೊಂಡು. (ಹಿಡಿಯಿಲ್ಲದ ಅರ ಅಂಗೈಗೇ ನಾಟೀತು, ಜೋಕೆ.)

ಪಂಪು ಇಟ್ಟವರು ಅದರ ನಟ್ಟಿಗೆ ಹೊಂದುವ ನಾಲ್ಕು ಸ್ಪ್ಯಾನರನ್ನಾದರೂ ಸ್ವಂತಕ್ಕೆ ಕೊಳ್ಳಲಿ. ಬಾಂಧವರು ಸಿಟ್ಟಾಗಬಾರದು, ಎರವಲು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಕಳೆದ ಮಳೆಗಾಲ ಹೋದದ್ದು ಸುತ್ತಿಗೆಯ ಏಟು ತಿಂದು, ಬಾಯಿ ಅಗಲಿಸಿಕೊಂಡು ಬಂತು.