ಫ್ರೀಜರ್ ಮೇಲಿರಲಿ, ಕೆಳಗಿರಲಿ. ಮೊದಲು ನೋಡಬೇಕಾದ್ದು ಕರೆಂಟ್ ಬಿಲ್ಲು!

ಶಿರಸಿ: ಇಸಳೂರು ಕಡೆಯಿಂದ ಶಿರಸಿ ಪೇಟೆಗೆ ಹೊಸ ಫ್ರಿಡ್ಜ್ ನೋಡಲು ಬಂದವರಿಗೆ ಈಗ ಅಂಗಡಿಯಲ್ಲಿ ಒಂದು ಹೊಸ ಪ್ರಶ್ನೆ ಎದುರಾಗುತ್ತದೆ. ಫ್ರೀಜರ್ ಮೇಲೆ ಇರೋದು ಬೇಕಾ, ಕೆಳಗೆ ಇರೋದು ಬೇಕಾ? ಮೊದಲೆಲ್ಲ ಇಂಥ ಪ್ರಶ್ನೆ ಇರಲಿಲ್ಲ. ಸಿಂಗಲ್ ಡೋರೋ, ಡಬಲ್ ಡೋರೋ, ಯಾವ ಬಣ್ಣ, ಎಷ್ಟು ಕಂತು, ಇಷ್ಟಕ್ಕೆ ಮಾತು ಮುಗಿಯುತ್ತಿತ್ತು. ಈಗ ‘ಬಾಟಮ್ ಫ್ರೀಜರ್’ ಮಾಡೆಲ್ ಬಂದಿದೆ. ದಿನಾ ತೆಗೆಯೋ ಹಾಲು, ತರಕಾರಿ ಮೇಲೆ. ಅಪರೂಪಕ್ಕೆ ತೆಗೆಯೋ ಐಸು ಕೆಳಗೆ.

ಮಾಡೆಲ್ ಒಳ್ಳೆಯದೇ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದಲ್ಲಿ ಫ್ರಿಡ್ಜ್ ತಗೊಂಡವರ ಖರ್ಚು ಅಂಗಡಿಯಲ್ಲಿ ಮುಗಿಯುವುದಿಲ್ಲ. ಗೃಹಜ್ಯೋತಿ ಬಿಲ್ಲು, ಮಳೆಗಾಲದ ಕರೆಂಟು, ರಿಪೇರಿಗೆ ಬರುವ ಜನ, ಈ ಮೂರನ್ನು ಲೆಕ್ಕ ಹಾಕದೇ ತಂದರೆ ಮನೆಗೆ ಬಂದ ಮೇಲೆ ತಲೆಬಿಸಿ.

ಜಿಎಸ್‌ಟಿ ಇಳಿಯಿತು, ಫ್ರಿಡ್ಜ್‌ಗೆ ಅಲ್ಲ

ಮೊದಲು ಒಂದು ತಪ್ಪು ಕಲ್ಪನೆ ಬಗೆಹರಿಯಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗ ‘ಎಲ್ಲಾ ಸಾಮಾನು ಇಳಿತು’ ಅಂತ ಸುದ್ದಿಯಾಯಿತು. ಎಸಿ, ಪಾತ್ರೆ ತೊಳೆಯುವ ಮಶಿನ್, 32 ಇಂಚಿಗಿಂತ ದೊಡ್ಡ ಟಿವಿಗೆ ತೆರಿಗೆ ಶೇ 28ರಿಂದ 18ಕ್ಕೆ ಇಳಿದದ್ದು ನಿಜ. ಆದರೆ ಫ್ರಿಡ್ಜ್ ಆ ಪಟ್ಟಿಯಲ್ಲಿ ಇರಲಿಲ್ಲ. ಫ್ರಿಡ್ಜ್ ಮೇಲಿನ ತೆರಿಗೆ 2018ರ ಜುಲೈನಲ್ಲೇ ಶೇ 28ರಿಂದ 18ಕ್ಕೆ ಇಳಿದಿತ್ತು. ಹಾಗಾಗಿ ‘ಜಿಎಸ್‌ಟಿ ಇಳಿದ ರೇಟು’ ಅಂತ ಫ್ರಿಡ್ಜ್ ಮೇಲೆ ಚೀಟಿ ಹಚ್ಚಿದ್ದರೆ ಅದು ಕಂಪನಿ ಅಥವಾ ಅಂಗಡಿಯ ರಿಯಾಯಿತಿ, ಸರ್ಕಾರದ್ದಲ್ಲ. ಗ್ರಾಹಕರು ಅಂಗಡಿಕಾರರ ಹತ್ತಿರ ‘ತೆರಿಗೆ ಇಳಿದಿದ್ದು ಎಲ್ಲಿ ಹೋಯ್ತು’ ಅಂತ ಜಗಳ ಮಾಡುವುದರಲ್ಲೂ ಅರ್ಥವಿಲ್ಲ.

ಕೆಳಗಿನ ಫ್ರೀಜರ್ ಯಾರಿಗೆ?

ಈ ಭಾಗದ ಬಹಳ ಮನೆಗಳಲ್ಲಿ ಫ್ರೀಜರ್ ಬಳಕೆ ಕಡಿಮೆ. ಕಾಯಿತುರಿ, ಹಲಸಿನ ತೊಳೆ, ಐಸ್‌ಕ್ರೀಮು, ಹೆಚ್ಚೆಂದರೆ ಹಸಿ ಬಟಾಣಿ. ಆದರೆ ಹಾಲು, ಮೊಸರು, ಮಜ್ಜಿಗೆ, ದೋಸೆ ಹಿಟ್ಟು, ತರಕಾರಿ ಅಂತ ಕೆಳಗಿನ ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆಗೆಯುತ್ತಾರೆ. ಪ್ರತಿ ಸಲ ಬಗ್ಗಬೇಕು. ಮಂಡಿ ನೋವು, ಸೊಂಟ ನೋವಿನ ಹಿರಿಯರು ಇರುವ ಮನೆಗೆ ಫ್ರೀಜರ್ ಕೆಳಗೆ ಹೋಗುವುದು ನಿಜವಾದ ಅನುಕೂಲ. ಇದು ಬರೀ ಜಾಹೀರಾತಿನ ಮಾತಲ್ಲ.

ಮೀನು ತಿನ್ನುವ ಮನೆಗಳ ಕಥೆ ಬೇರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಘಟ್ಟದ ಮೇಲೆ ಮೀನು ಕಡಿಮೆ, ರೇಟು ಜಾಸ್ತಿ. ಅದಕ್ಕೆ ಮೊದಲೇ ತಂದು ಇಟ್ಟುಕೊಳ್ಳುವವರು ಫ್ರೀಜರನ್ನೇ ಹೆಚ್ಚು ತೆಗೆಯುತ್ತಾರೆ. ಅವರಿಗೆ ಕೆಳಗಿನ ಫ್ರೀಜರ್ ಅಂದರೆ ದಿನಾ ಬಗ್ಗುವ ಕೆಲಸ. ಆದರೆ ಒಳಗೆ ಡ್ರಾಯರ್ ಇರುವ ಮಾಡೆಲ್ ಆದರೆ ಸಾಮಾನು ವಿಂಗಡಿಸಿ ಇಡಲು ಸುಲಭ. ಬಾಗಿಲು ತೆಗೆದಾಗ ತಂಪು ಗಾಳಿ ಪೂರ್ತಿ ಹೊರಗೆ ಚೆಲ್ಲುವುದೂ ಕಡಿಮೆ.

ಇನ್ನೊಂದು ಸಣ್ಣ ವಿಷಯ, ಆದರೆ ಹಳ್ಳಿಯಲ್ಲಿ ದೊಡ್ಡದು. ಈ ಫ್ರಿಡ್ಜ್‌ಗಳು ಸಿಂಗಲ್ ಡೋರ್‌ಗಿಂತ ಅಗಲ, ಎತ್ತರ, ಭಾರ. ಹಳೇ ಮನೆಯ ಅಡಿಗೆಮನೆ ಬಾಗಿಲು ಗಿಡ್ಡ, ಇಕ್ಕಟ್ಟು. ತೋಟದ ಮನೆಗೆ ಸಂಕ ದಾಟಿ, ಹೊತ್ತು ತರಬೇಕು. ಟೇಪು ಹಿಡಿದು ಬಾಗಿಲು ಅಳತೆ ಮಾಡದೇ ಬುಕ್ ಮಾಡಿದರೆ ಫ್ರಿಡ್ಜ್ ಜಗುಲಿಯಲ್ಲೇ ಉಳಿಯುತ್ತದೆ. ತರುವಾಗ ಗಾಡಿಯಲ್ಲಿ ಅಡ್ಡ ಮಲಗಿಸಬಾರದು. ಮಲಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಸ್ವಿಚ್ ಹಾಕಬೇಕು.

ಗೃಹಜ್ಯೋತಿಯ ಲೆಕ್ಕ ತಪ್ಪಿದರೆ

ನಿಜವಾದ ಹೊಡೆತ ಬೀಳುವುದು ಇಲ್ಲಿ. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ ‘200 ಯೂನಿಟ್ ಎಲ್ಲರಿಗೂ ಫ್ರೀ’ ಅಂತ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. 2022-23ರ ಒಂದು ವರ್ಷದ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಲಾಗಿದೆ. ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಮಿತಿ ದಾಟಿದರೆ ದಾಟಿದಷ್ಟು ಯೂನಿಟ್‌ಗೆ ದುಡ್ಡು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು.

ಫ್ರಿಡ್ಜ್ ಬಾಗಿಲ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ಆ ಅಂಕಿಯನ್ನು 12ರಿಂದ ಭಾಗಿಸಿದರೆ ತಿಂಗಳ ಲೆಕ್ಕ ಸಿಗುತ್ತದೆ. ಲೇಬಲ್‌ನಲ್ಲಿ 240 ಅಂತ ಇದ್ದರೆ ತಿಂಗಳಿಗೆ 20 ಯೂನಿಟ್. ಬೇಸಿಗೆಯಲ್ಲಿ, ಬಾಗಿಲು ಹೆಚ್ಚು ತೆಗೆಯುವ ಮನೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಮೂರು ಮನೆ ಉದಾಹರಣೆಗೆ ತಗೊಳ್ಳಿ. ಮೊದಲನೇ ಮನೆಯಲ್ಲಿ ಫ್ರಿಡ್ಜೇ ಇರಲಿಲ್ಲ, ಮಿತಿ 55 ಯೂನಿಟ್, ಬಳಕೆ 45. ಹೊಸ ಫ್ರಿಡ್ಜ್ ಬಂದ ಮೇಲೆ 65 ಆಯಿತು. ಹತ್ತು ಯೂನಿಟ್‌ಗೆ ಅರವತ್ತು ರೂಪಾಯಿ ಆಸುಪಾಸು ಬಿಲ್ಲು. ದೊಡ್ಡ ತೊಂದರೆ ಇಲ್ಲ. ಎರಡನೇ ಮನೆಯಲ್ಲಿ ಹಳೇ ಸಿಂಗಲ್ ಡೋರ್ ತಿಂಗಳಿಗೆ 15 ಯೂನಿಟ್ ತಿನ್ನುತ್ತಿತ್ತು. ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಂದರು. ಐದು ಯೂನಿಟ್ ಮಾತ್ರ ವ್ಯತ್ಯಾಸ.

ಮೂರನೇ ಮನೆ ನೋಡಿ. ಮಿತಿ 192, ಬಳಕೆ 185, ಈಗ ಬಿಲ್ಲು ಸೊನ್ನೆ. ಹೊಸ ಫ್ರಿಡ್ಜ್ ಬಂತು, ಹಳೇದನ್ನೂ ‘ಇರಲಿ, ಹೊರಗೆ ಉಗ್ರಾಣದಲ್ಲಿ’ ಅಂತ ಚಾಲೂ ಇಟ್ಟರು. 205 ಯೂನಿಟ್ ಆಯಿತು. ಈಗ ಕಟ್ಟಬೇಕಾದದ್ದು 13 ಯೂನಿಟ್‌ನದ್ದಲ್ಲ, ಪೂರ್ತಿ 205ರದ್ದು. ನಿಗದಿತ ಶುಲ್ಕ ಸೇರಿ ಸಾವಿರದ ಇನ್ನೂರು ರೂಪಾಯಿ ದಾಟುತ್ತದೆ. ಕಂತಿನ ಜೊತೆ ಪ್ರತಿ ತಿಂಗಳು ಇದೂ ಒಂದು ಕಂತು. ಮನೆಯಲ್ಲಿ ಎರಡು ಫ್ರಿಡ್ಜ್ ಓಡಿಸುವುದು ಈ ಭಾಗದಲ್ಲಿ ಸದ್ದಿಲ್ಲದೆ ನಡೆಯುವ ದೊಡ್ಡ ತಪ್ಪು.

ಸ್ಟಾರ್ ನೋಡುವಾಗಲೂ ಜಾಗ್ರತೆ. ಸ್ಟಾರ್ ಮಾನದಂಡ ಆಗಾಗ ಬಿಗಿಯಾಗುತ್ತದೆ. 2023ರ ಜನವರಿಯಲ್ಲಿ ಫ್ರಿಡ್ಜ್‌ಗಳಿಗೆ ಹಾಗೆಯೇ ಆಯಿತು. ಹಳೇ ಸ್ಟಾಕಿನ ಮೇಲಿನ ನಾಲ್ಕು ಸ್ಟಾರು, ಹೊಸ ಲೇಬಲ್‌ನ ನಾಲ್ಕು ಸ್ಟಾರು ಒಂದೇ ಅಲ್ಲ. ನಕ್ಷತ್ರ ಎಣಿಸುವ ಬದಲು ಯೂನಿಟ್ ಅಂಕಿ ಓದುವುದು ಸರಿ.

ಮಳೆ ಹಿಡಿದರೆ ಗತಿ?

ಜೂನ್ ಬಂತು ಅಂದ್ರೆ ಮರ ಬಿತ್ತು, ಲೈನ್ ಹರಿಯಿತು, ಕಂಬ ಮುರಿಯಿತು. ಹೆಸ್ಕಾಂ ಲೈನ್‌ಮನ್‌ಗಳು ಕಾಡಿನ ನಡುವೆ, ಮಳೆಯಲ್ಲಿ ಹುಡುಕಿಕೊಂಡು ಬರುವ ಹೊತ್ತಿಗೆ ಕೆಲವೊಮ್ಮೆ ದಿನವೇ ಕಳೆಯುತ್ತದೆ. ಆಗ ಫ್ರಿಡ್ಜ್ ಬರೀ ಒಂದು ಕಪಾಟು.

ಬಾಗಿಲು ತೆಗೆಯದೇ ಇಟ್ಟರೆ ಮೇಲಿನ ಫ್ರಿಡ್ಜ್ ಭಾಗ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ಇದ್ದರೆ 24 ಗಂಟೆ. ಖಾಲಿ ಫ್ರೀಜರ್ ಬೇಗ ಬಿಸಿಯಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಖಾಲಿ ಜಾಗದಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಇಟ್ಟು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಬಾಟಲಿ ಪೂರ್ತಿ ತುಂಬಬಾರದು, ಒಡೆಯುತ್ತದೆ. ಕರೆಂಟು ಹೋದಾಗ ಅದರಲ್ಲಿ ಎರಡು ಬಾಟಲಿ ಮೇಲಿನ ಭಾಗದಲ್ಲಿ ಹಾಲಿನ ಪಕ್ಕ ಇಡಬಹುದು.

ಊರಿಗೆ ಹೋಗಿ ಬಂದವರಿಗೆ ಒಂದು ಹಳೇ ಉಪಾಯ ಇದೆ. ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗುವುದು. ಬಂದು ನೋಡಿದಾಗ ನಾಣ್ಯ ತಳದಲ್ಲಿ ಕೂತಿದ್ದರೆ ಐಸು ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಮೀನು, ಮಾಂಸ, ಬೇಯಿಸಿ ಇಟ್ಟ ಪದಾರ್ಥ ಎಸೆಯುವುದೇ ಲೇಸು. ವಾಸನೆ ಬರಲಿಲ್ಲ ಅಂತ ನಂಬಬಾರದು.

ಇನ್ಸುಲಿನ್ ಇಡುವ ಮನೆಗಳಿಗೆ ಇದು ಊಟದ ವಿಷಯ ಅಲ್ಲ, ಆರೋಗ್ಯದ್ದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರ್‌ನಲ್ಲಿ ಇಡಲೇಬಾರದು, ಒಮ್ಮೆ ಗಟ್ಟಿಯಾದರೆ ಉಪಯೋಗಕ್ಕಿಲ್ಲ. ದಿನಗಟ್ಟಲೆ ಕರೆಂಟ್ ಇಲ್ಲದಾಗ ಏನು ಮಾಡಬೇಕು ಅಂತ ಮಳೆಗಾಲಕ್ಕೆ ಮೊದಲೇ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಬೇಕು.

‘ಸ್ಟೆಬಿಲೈಜರ್ ಬೇಡ’ ಅಂತ ಕಂಪನಿಗಳು ಬರೆಯುತ್ತವೆ. ಅದಕ್ಕೊಂದು ವೋಲ್ಟೇಜ್ ಮಿತಿ ಇದೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ ರಾತ್ರಿ ಬಲ್ಬು ಮಂಕಾಗುತ್ತಿದ್ದರೆ ಸ್ಟೆಬಿಲೈಜರ್ ಹಾಕಿಸುವುದೇ ಸರಿ. ಗುಡುಗು ಸಿಡಿಲಿಗೆ ಸ್ಟೆಬಿಲೈಜರೂ ಸಾಲದು. ಪ್ಲಗ್ ಕಿತ್ತಿಡಬೇಕು. ಅರ್ಥಿಂಗ್ ಇಲ್ಲದ ಮನೆಗೆ ಫ್ರಿಡ್ಜ್ ತರುವ ಮೊದಲು ಅರ್ಥಿಂಗ್ ಮಾಡಿಸಬೇಕು. ಒದ್ದೆ ಕೈ, ಒದ್ದೆ ನೆಲದಲ್ಲಿ ಶಾಕ್ ಹೊಡೆದರೆ ಜೀವದ ಪ್ರಶ್ನೆ. ಇನ್ವರ್ಟರ್ ಬ್ಯಾಟರಿಗೆ ಫ್ರಿಡ್ಜ್ ಜೋಡಿಸುವವರು ಅದು ‘ಪ್ಯೂರ್ ಸೈನ್ ವೇವ್’ ಹೌದೋ ಅಲ್ಲವೋ ನೋಡಿಕೊಳ್ಳಬೇಕು.

ತಿಂಗಳಿಗೆ ಅರ್ಧ ಗಂಟೆ ಸಾಕು

ಕೆಳಗಿನ ಫ್ರೀಜರ್ ಇರುವ ಫ್ರಿಡ್ಜ್‌ನಲ್ಲಿ ತಂಪು ಹುಟ್ಟುವ ಕಾಯಿಲ್ ಸಾಮಾನ್ಯವಾಗಿ ಫ್ರೀಜರ್ ಹಿಂದೆ ಇರುತ್ತದೆ. ಸಣ್ಣ ಫ್ಯಾನ್ ಆ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನ ಗಾಳಿ ಕಿಂಡಿಗೆ ದೊಡ್ಡ ಪಾತ್ರೆ ಅಡ್ಡ ಇಟ್ಟರೆ ಕೆಳಗೆ ಐಸು, ಮೇಲೆ ಹಾಲು ಹುಳಿ. ‘ಗ್ಯಾಸ್ ಖಾಲಿ’ ಅಂತ ಮೆಕ್ಯಾನಿಕ್ ಕರೆಸುವ ಮೊದಲು ಕಿಂಡಿ ನೋಡಬೇಕು.

ಕರಗಿದ ನೀರು ಹೋಗುವ ತೂತು ಕಟ್ಟಿದರೆ ಫ್ರೀಜರ್ ತಳದಲ್ಲಿ ಐಸಿನ ಹಲಗೆ ಕಟ್ಟುತ್ತದೆ, ಮುಂದೆ ನೆಲದಲ್ಲಿ ನೀರು ನಿಲ್ಲುತ್ತದೆ. ಚಾಕು, ಮೊಳೆಯಿಂದ ಕೆರೆಯಬಾರದು; ಸ್ವಿಚ್ ತೆಗೆದು, ಬಾಗಿಲು ತೆರೆದಿಟ್ಟು ಕರಗಿಸಬೇಕು. ಮಳೆಗಾಲದಲ್ಲಿ ಬಾಗಿಲ ರಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಅಡಿಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಒರೆಸಿದರೆ ಸಾಕು. ರಬ್ಬರ್ ನಡುವೆ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ, ಕರೆಂಟು ಪೋಲು. ಹಿಂದೆ ಗೋಡೆಗೆ ಒತ್ತಿ ಇಡಬಾರದು.

ಈಗಿನ ಮನೆ ಫ್ರಿಡ್ಜ್‌ಗಳಲ್ಲಿ ಹೆಚ್ಚಾಗಿ ಇರುವ ಗ್ಯಾಸ್ ಆರ್-600ಎ. ಅದು ಬೆಂಕಿ ಹಿಡಿಯುವ ಗ್ಯಾಸ್. ಪ್ರಮಾಣ ಕಡಿಮೆ, ದಿನಬಳಕೆಗೆ ಭಯ ಬೇಡ. ಆದರೆ ತರಬೇತಿ ಇಲ್ಲದವರ ಕೈಗೆ ಗ್ಯಾಸ್ ತುಂಬಲು ಕೊಡಬಾರದು.

ಅಂಗಡಿಕಾರರಿಗೂ ಇದೆ ಪಾಠ

ಕಿರಾಣಿ, ಬೇಕರಿ, ಹೋಟೆಲಿನವರು ಮನೆ ಬಳಕೆಯ ಫ್ರಿಡ್ಜನ್ನೇ ಅಂಗಡಿಯಲ್ಲಿ ಇಟ್ಟು ಹಾಲಿನ ಪ್ಯಾಕೆಟ್ ಮಾರುವುದುಂಟು. ಸಾಮಾನ್ಯವಾಗಿ ವಾರಂಟಿ ಮನೆ ಬಳಕೆಗೆ ಮಾತ್ರ. ಅಂಗಡಿಯಲ್ಲಿ ಕೆಟ್ಟರೆ ಕಂಪನಿ ಕೈ ಎತ್ತಬಹುದು. ವಾಣಿಜ್ಯ ಮೀಟರ್‌ಗೆ ಗೃಹಜ್ಯೋತಿಯೂ ಇಲ್ಲ.

ಫ್ರಿಡ್ಜ್ ಮಾರುವ ಅಂಗಡಿಯವರಿಗೆ ಆನ್‌ಲೈನ್ ಜೊತೆ ರೇಟಿನಲ್ಲಿ ಪೈಪೋಟಿ ಕಷ್ಟ. ಆದರೆ ಅವರ ಕೈಯಲ್ಲಿ ಆನ್‌ಲೈನ್‌ಗೆ ಇಲ್ಲದ ಒಂದು ಬಲ ಇದೆ: ಊರಿನ ದಾರಿ ಗೊತ್ತಿರುವ ಜನ. ಬಾಗಿಲಿನ ಅಳತೆ ಕೇಳಿ, ಯೂನಿಟ್ ಲೆಕ್ಕ ಹೇಳಿ, ಕೆಟ್ಟಾಗ ಫೋನ್ ಎತ್ತುವ ಅಂಗಡಿಗೆ ಗಿರಾಕಿ ಸಾವಿರ ರೂಪಾಯಿ ಜಾಸ್ತಿ ಕೊಟ್ಟಾದರೂ ಬರುತ್ತಾನೆ.

ಕೆಟ್ಟರೆ ಬರುವವರು ಯಾರು?

ಈ ಭಾಗದ ಎಷ್ಟೋ ಹಳ್ಳಿ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಲ್ಲಿ. ‘ಆಯಿಗೆ ಬಗ್ಗೋದು ಕಷ್ಟ’ ಅಂತ ಮಗ ಅಲ್ಲಿಂದಲೇ ಬುಕ್ ಮಾಡುತ್ತಾನೆ, ಫ್ರಿಡ್ಜ್ ಬಾಗಿಲಿಗೆ ಬರುತ್ತದೆ. ಪ್ರೀತಿ ದೊಡ್ಡದೇ. ಆದರೆ ಆಷಾಢದ ಮಳೆಯಲ್ಲಿ ಅದು ನಿಂತಾಗ ಕಸ್ಟಮರ್ ಕೇರ್ ನಂಬರಿಗೆ ಫೋನ್ ಹಚ್ಚಿ, ಒಂದು ಒತ್ತಿ, ಎರಡು ಒತ್ತಿ ಅಂತ ಕೂರುವುದು ಆಯಿಯೇ.

ಆದ್ದರಿಂದ ದುಡ್ಡು ಕೊಡುವ ಮೊದಲು ಕೇಳಬೇಕಾದ್ದು ಇಷ್ಟು: ಆ ಕಂಪನಿಯ ಸರ್ವೀಸ್ ಸೆಂಟರ್ ಎಲ್ಲಿದೆ? ನಮ್ಮ ಪಿನ್‌ಕೋಡ್‌ಗೆ ಜನ ಬರುತ್ತಾರಾ? ಕಂಪ್ರೆಸರ್‌ಗೆ ಹತ್ತು ವರ್ಷ ಅಂದರೆ, ಉಳಿದ ಬೋರ್ಡು, ಫ್ಯಾನಿಗೆ ಎಷ್ಟು ವರ್ಷ? ಬಿಲ್ಲು, ವಾರಂಟಿ ಕಾರ್ಡಿನ ಫೋಟೊ ಮೊಬೈಲಲ್ಲಿ ಇರಲಿ. ಸ್ಪಂದನೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನಲ್ಲಿ ಖರೀದಿಸಿದ್ದರೂ ಕಾರವಾರದ ಜಿಲ್ಲಾ ಆಯೋಗ ಸಾಕು, ಬೆಂಗಳೂರಿಗೆ ಅಲೆಯಬೇಕಿಲ್ಲ. ವಿದ್ಯುತ್ ದೂರಿಗೆ 1912.

ಬಗ್ಗಲು ಆಗದ ಹಿರಿಯರು ಇರುವ, ಮಿತಿಯೊಳಗೆ ಯೂನಿಟ್ ಇರುವ, ಅರ್ಥಿಂಗ್ ಸರಿ ಇರುವ ಮನೆಗೆ ಕೆಳಗಿನ ಫ್ರೀಜರ್ ಧಾರಾಳವಾಗಿ ಬರಲಿ. ಉಳಿದವರು ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ಒಮ್ಮೆ ತೆಗೆದು ನೋಡಿ, ಆಮೇಲೆ ಪೇಟೆಗೆ ಹೊರಡುವುದು ಒಳ್ಳೆಯದು.