ಮಂಗಳನ ಕೆಂಪು ಕಳೆ, ಮಲೆನಾಡಿನ ಹಸಿರು ಕಳೆ

ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಬದಲಾಗುವುದಿಲ್ಲ, ಅರ್ಥ ಬದಲಾಗುತ್ತದೆ. ವಾಲಿವಧೆಯ ಅದೇ ಪದ್ಯಕ್ಕೆ ಹಿಂದಿನ ತಲೆಮಾರಿನ ಅರ್ಥಧಾರಿ ಆಡಿದ ಮಾತು ಒಂದಾದರೆ ಇಂದಿನವರು ಆಡುವ ಮಾತು ಮತ್ತೊಂದು. ಹಳೆಯ ಚಲನಚಿತ್ರವನ್ನು ಹೊಸ ತಲೆಮಾರಿಗಾಗಿ ಮರಳಿ ನಿರ್ಮಿಸುವುದೂ ಇಂಥದ್ದೇ ಕೆಲಸ. ಕಥೆ ಹಳೆಯದು, ಅದರೊಳಗೆ ತುಂಬುವ ಭಯ ಆಯಾ ಕಾಲದ್ದು. ಅನ್ಯಗ್ರಹದವರ ದಾಳಿಯ ಕಥೆಗಳಲ್ಲಿ ಈ ಮಾತು ಎದ್ದು ಕಾಣುತ್ತದೆ.

ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1898ರಲ್ಲಿ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಮಂಗಳ ಗ್ರಹದ ಜೀವಿಗಳು ಮೂರು ಕಾಲಿನ ದೈತ್ಯ ಯಂತ್ರಗಳನ್ನೇರಿ ಇಂಗ್ಲೆಂಡನ್ನು ಆಕ್ರಮಿಸುತ್ತವೆ. ಫಿರಂಗಿಗಳು ಸೋಲುತ್ತವೆ. ಕೊನೆಗೆ ಭೂಮಿಯ ಸೂಕ್ಷ್ಮಜೀವಿಗಳಿಗೆ ತುತ್ತಾಗಿ ಆಕ್ರಮಣಕಾರರೇ ಸಾಯುತ್ತಾರೆ. ಮಂಗಳದವರನ್ನು ಕ್ರೂರಿಗಳೆಂದು ದೂರುವ ಮುನ್ನ ಟಾಸ್ಮೇನಿಯದ ಮೂಲನಿವಾಸಿಗಳಿಗೆ ಐರೋಪ್ಯರು ಏನು ಮಾಡಿದರೆಂದು ನೆನೆಯುವಂತೆ ವೆಲ್ಸ್ ಆರಂಭದಲ್ಲಿಯೇ ಓದುಗರನ್ನು ಎಚ್ಚರಿಸಿದ್ದರು. 1938ರಲ್ಲಿ ಆರ್ಸನ್ ವೆಲ್ಸ್ ಇದೇ ಕಥೆಯನ್ನು ಸುದ್ದಿವಾರ್ತೆಯ ಧಾಟಿಯಲ್ಲಿ ರೇಡಿಯೊ ನಾಟಕವಾಗಿಸಿದಾಗ ಜಗತ್ತು ಮಹಾಯುದ್ಧದ ಹೊಸ್ತಿಲಲ್ಲಿತ್ತು. 1953ರಲ್ಲಿ ಬೈರನ್ ಹ್ಯಾಸ್ಕಿನ್ ನಿರ್ದೇಶಿಸಿದ ಚಿತ್ರದಲ್ಲಿ ಕಥೆ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಸಾಗಿತು. ಅಲ್ಲಿ ಅಣುಬಾಂಬೂ ನಿಷ್ಫಲವಾಯಿತು. 2005ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಮರಳಿ ನಿರ್ಮಿಸಿದಾಗ, 2001ರ ನ್ಯೂಯಾರ್ಕ್ ದಾಳಿಯ ಬೂದಿ ಇನ್ನೂ ಜನಮನದಲ್ಲಿ ಆರಿರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಓಡುವ ಬಂದರು ಕಾರ್ಮಿಕನೊಬ್ಬ ಅದರ ನಾಯಕ.

ಕಾದಂಬರಿಯಲ್ಲಿದ್ದ ಒಂದು ಮುಖ್ಯ ಸಂಗತಿ 1953ರ ಚಿತ್ರದಲ್ಲಿ ಬಿಟ್ಟುಹೋಗಿತ್ತು. ಅದು ಕೆಂಪು ಕಳೆ. ಮಂಗಳದವರ ಜೊತೆಯಲ್ಲಿ ಬಂದ ಈ ಸಸ್ಯ ನೀರಿದ್ದೆಡೆಯೆಲ್ಲ ಹಬ್ಬಿ ಥೇಮ್ಸ್ ನದಿಯನ್ನೇ ಉಸಿರುಗಟ್ಟಿಸುತ್ತದೆ. ಯಂತ್ರಗಳ ಆರ್ಭಟದ ನಡುವೆ ಓದುಗರೂ ಇದನ್ನು ಮರೆತಿದ್ದರು. ಸ್ಪೀಲ್‌ಬರ್ಗ್ ಚಿತ್ರ ಕೆಂಪು ಕಳೆಯನ್ನು ಮರಳಿ ತಂದಿತು. ಜೊತೆಗೆ ಮತ್ತೊಂದು ಬದಲಾವಣೆಯನ್ನೂ ಮಾಡಿತು: ದಾಳಿಯ ಯಂತ್ರಗಳು ಆಕಾಶದಿಂದ ಇಳಿಯುವುದಿಲ್ಲ, ಎಂದೋ ಹೂತಿಟ್ಟ ನೆಲದಡಿಯಿಂದ ಮೇಲೇಳುತ್ತವೆ. ಇಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಅವು ಹೇಗಿದ್ದವು ಎಂದು ನಗುವವರು ಕಳೆಗಳ ಬೀಜವನ್ನು ಬಲ್ಲವರಲ್ಲ. ಒಂದು ಪಾರ್ಥೇನಿಯಂ ಗಿಡ 10,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಅಕೇಶಿಯದ ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು, ಬೆಂಕಿ ಬಿದ್ದ ಮೇಲೆ ಒಮ್ಮೆಗೇ ಮೊಳೆಯುತ್ತದೆ. ಈ ಒಂದು ವಿಷಯದಲ್ಲಿ 2005ರ ಚಿತ್ರ ಮೂಲಕ್ಕಿಂತ ಸತ್ಯಕ್ಕೆ ಹತ್ತಿರವಾಗಿದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನರಿಗೆ ಈ ದಾಳಿಯನ್ನು ನೋಡಲು ಚಿತ್ರಮಂದಿರಕ್ಕೆ ಹೋಗಬೇಕಾಗಿಲ್ಲ. ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದ ಲಂಟಾನ ಇಂದು ಕಾಡಿನಂಚನ್ನೆಲ್ಲ ಹೆಣೆದು ಕೂತಿದೆ. ಯುಪಟೋರಿಯಂ ಗೋಮಾಳ, ಸೊಪ್ಪಿನಬೆಟ್ಟಗಳನ್ನು ಕವಿದಿದೆ. ಪಾರ್ಥೇನಿಯಂಗೆ ಕಾಂಗ್ರೆಸ್ ಗಿಡವೆಂದೂ ಯುಪಟೋರಿಯಂಗೆ ಕಮ್ಯುನಿಸ್ಟ್ ಗಿಡವೆಂದೂ ಹೆಸರಿಟ್ಟ ಜನ, ಆಯಾ ಕಾಲದ ರಾಜಕಾರಣವನ್ನು ಕಳೆಗೆ ತೊಡಿಸಿದರು. ಹಾಲಿವುಡ್ ಮಾಡುವುದೂ ಇದನ್ನೇ.

ಆದರೆ ಸಿನಿಮಾ ಹೇಳದ ಮಾತೊಂದಿದೆ. ಮಂಗಳದವರು ಕರೆಯದೆ ಬಂದರು. ಅಕೇಶಿಯವನ್ನು ಕರೆದು ಕೂರಿಸಲಾಯಿತು. ಆಸ್ಟ್ರೇಲಿಯ, ನ್ಯೂಗಿನಿಗಳ ಈ ಮರವನ್ನು ಹಸಿರೀಕರಣದ ಹೆಸರಿನಲ್ಲಿ, ಕಾಗದದ ತಿರುಳಿನ ಹೆಸರಿನಲ್ಲಿ ಮಲೆನಾಡಿನಲ್ಲಿ ನೆಡಲಾಯಿತು. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗಾಗಿ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಕಾರ್ಖಾನೆಯ ಉತ್ಪಾದನೆ ನಿಂತಿತು, ಮರ ನಿಲ್ಲಲಿಲ್ಲ. 2020ರಲ್ಲಿ ಗುತ್ತಿಗೆಯ ಅವಧಿ ಮುಗಿದು, ಅದನ್ನು ಮುಂದುವರಿಸಲು ಸರ್ಕಾರ ಹೊರಟಾಗ ಮಲೆನಾಡಿನ ಜನ ಪ್ರತಿಭಟಿಸಿದ್ದು ಈ ಕಾರಣಕ್ಕಾಗಿಯೇ.

ಇದರ ಪಕ್ಕದಲ್ಲಿ ಕುದುರೆಮುಖವನ್ನು ಇಟ್ಟು ನೋಡಬೇಕು. ತುಂಗಾ, ಭದ್ರಾ ಹುಟ್ಟುವ ಬೆಟ್ಟಗಳ ಮಗ್ಗುಲಲ್ಲಿ ಅಗೆಯುತ್ತಿದ್ದ ದೈತ್ಯ ಯಂತ್ರಗಳು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ನಿಂತವು. ಸ್ಪೀಲ್‌ಬರ್ಗ್ ಚಿತ್ರ ತೆರೆಕಂಡ ವರ್ಷವೂ ಅದೇ. ಯಂತ್ರವನ್ನು ನ್ಯಾಯಾಲಯ ನಿಲ್ಲಿಸಬಲ್ಲದು. ಮಣ್ಣಿಗೆ ಬಿದ್ದ ಬೀಜಕ್ಕೆ ಯಾವ ತೀರ್ಪೂ ತಲುಪುವುದಿಲ್ಲ. ಹೋರಾಟಗಾರರು ಗಣಿಯನ್ನು ಕಂಡಷ್ಟು ಸ್ಪಷ್ಟವಾಗಿ ನರ್ಸರಿಯ ಪಾಲಿಥೀನ್ ಚೀಲದ ಸಸಿಯನ್ನು ಕಾಣಬೇಕಾದ ಅಗತ್ಯ ಇಲ್ಲಿದೆ.

ಮುಂದಿನ ತಲೆಮಾರಿಗೆ ಈ ಕಥೆಯನ್ನು ಹೇಳುವಾಗ ಬದಲಾಗಲೇಬೇಕಾದದ್ದು ಅದರ ಕೊನೆ. ಸೂಕ್ಷ್ಮಜೀವಿಗಳು ಭೂಮಿಯನ್ನು ಉಳಿಸಿದವು ಎಂಬ ಸಮಾಧಾನ ಎಲ್ಲ ಆವೃತ್ತಿಗಳಲ್ಲಿಯೂ ಉಳಿದುಬಂದಿದೆ. ವಾಸ್ತವ ಹಾಗಿಲ್ಲ. ಅನ್ಯನೆಲಕ್ಕೆ ಬಂದ ಕಳೆ ಗೆಲ್ಲುವುದಕ್ಕೆ ಒಂದು ಮುಖ್ಯ ಕಾರಣ, ತನ್ನನ್ನು ತಿನ್ನುವ ಕೀಟವನ್ನೂ ಕೊಲ್ಲುವ ರೋಗವನ್ನೂ ಅದು ತವರಿನಲ್ಲಿಯೇ ಬಿಟ್ಟು ಬಂದಿರುವುದು. ಎರಡು ಶತಮಾನ ಕಳೆದರೂ ಲಂಟಾನವನ್ನು ಮಣಿಸುವ ಸೂಕ್ಷ್ಮಜೀವಿ ಇಲ್ಲಿ ಹುಟ್ಟಿಲ್ಲ. ಇತ್ತ ಇದೇ ಸೀಮೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಬರಿದು ಮಾಡುತ್ತಿದೆ. ಅದರ ಹಿಂದಿರುವುದು ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ. ಸೂಕ್ಷ್ಮಜೀವಿಗಳಿಗೆ ದೇಶಾಭಿಮಾನವಿಲ್ಲವೆಂಬುದನ್ನು ಶೃಂಗೇರಿಯ ಅಡಿಕೆ ಬೆಳೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ.

ಗೆದ್ದ ಉದಾಹರಣೆಗಳೂ ಉಂಟು. ಕೇರಳದ ಕಾಲುವೆಗಳನ್ನು ಮುಚ್ಚಿದ್ದ ಸಾಲ್ವಿನಿಯ ಎಂಬ ಜಲಕಳೆಯನ್ನು 1980ರ ದಶಕದಲ್ಲಿ ಸಣ್ಣದೊಂದು ಮೂತಿಹುಳು ಹತೋಟಿಗೆ ತಂದಿತು. ಆ ಹುಳು ಇಲ್ಲಿಯದಲ್ಲ. ಕಳೆಯ ತವರಾದ ದಕ್ಷಿಣ ಅಮೆರಿಕದ ಮೂಲದ್ದು. ಅದು ಬೇರೆ ಬೆಳೆಗಳನ್ನು ತಿನ್ನುವುದಿಲ್ಲವೆಂದು ಪರೀಕ್ಷಿಸಿದ ಬಳಿಕವೇ ಬಿಡಲಾಯಿತು. ಪಾರ್ಥೇನಿಯಂಗಾಗಿ ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಮಳೆಗಾಲದಲ್ಲಿ ಚೆನ್ನಾಗಿ ದುಡಿದು ಬೇಸಗೆಯಲ್ಲಿ ಮಲಗುತ್ತದೆ. ಅದರ ಗೆಲುವು ಅರೆಗೆಲುವು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡಿದು ಕುರ್ಚಿ, ಬುಟ್ಟಿಗಳನ್ನು ಹೆಣೆಯುತ್ತಾರೆ. ಇವೆಲ್ಲದರಲ್ಲಿಯೂ ಗೆದ್ದದ್ದು ವರ್ಷಗಳ ತಾಳ್ಮೆಯ ಕೆಲಸವೇ ಹೊರತು ಕೊನೆಯ ರೀಲಿನ ಪವಾಡವಲ್ಲ.

ಇಂಥ ಕಥೆಗಳಲ್ಲಿ ಒಂದು ಅಪಾಯವೂ ಅಡಗಿದೆ. ಹೊರಗಿನಿಂದ ಬಂದದ್ದೆಲ್ಲ ಶತ್ರುವೆಂಬ ಭಾವನೆಯನ್ನು ಅವು ಸುಲಭವಾಗಿ ಬಿತ್ತುತ್ತವೆ. ಮಲೆನಾಡಿನ ಅಡುಗೆಮನೆಯ ಮೆಣಸಿನಕಾಯಿ, ತೋಟದ ಗೇರು ಅಮೆರಿಕ ಖಂಡದವು. ಕಾಫಿ ಯೆಮನ್‌ನಿಂದ ಇದೇ ಜಿಲ್ಲೆಯ ಗಿರಿಗೆ ಬಾಬಾ ಬುಡನ್ ತಂದದ್ದೆಂಬ ಐತಿಹ್ಯವಿದೆ. ಅವು ಬೇಲಿ ದಾಟಿ ಕಾಡನ್ನು ನುಂಗಲಿಲ್ಲ. ಗಿಡದ ಊರು ಯಾವುದೆಂಬುದಕ್ಕಿಂತ, ಅದು ಬಂದ ನೆಲದಲ್ಲಿ ಉಳಿದವರಿಗೆ ಜಾಗ ಬಿಡುತ್ತದೆಯೇ ಎಂಬುದು ಮುಖ್ಯ. ಕಳೆಯ ಮೇಲಿನ ಸಿಟ್ಟನ್ನು ಕೂಲಿಗಾಗಿ ಅಸ್ಸಾಮಿನಿಂದಲೋ ಬಿಹಾರದಿಂದಲೋ ಬಂದು ಎಸ್ಟೇಟಿನ ಲೈನುಮನೆಯಲ್ಲಿರುವ ಮನುಷ್ಯರ ಮೇಲೆ ತಿರುಗಿಸುವುದು ವಿಜ್ಞಾನವೂ ಅಲ್ಲ, ವಿವೇಕವೂ ಅಲ್ಲ. ಟಾಸ್ಮೇನಿಯದವರನ್ನು ನೆನಪಿಸಿದ ವೆಲ್ಸ್‌ಗೆ ಇದು ಗೊತ್ತಿತ್ತು.

ಹೆಗ್ಗೋಡಿನ ನೀನಾಸಮ್ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟ ನಾಡಿದು. ಇಲ್ಲಿಯ ಕಾಲೇಜು ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಮರಳಿ ಚಿತ್ರಿಸಲು ಮೂರು ಕಾಲಿನ ಯಂತ್ರಗಳ ವೆಚ್ಚ ಬೇಕಾಗಿಲ್ಲ. ಊರಿನ ಒಂದೇ ಗೋಮಾಳವನ್ನು ಒಂದೇ ಜಾಗದಲ್ಲಿ ನಿಂತು ಪ್ರತಿ ತಿಂಗಳೂ ಮೊಬೈಲಿನಲ್ಲಿ ಚಿತ್ರೀಕರಿಸಿ, ಐದು ವರ್ಷವನ್ನು ಐದು ನಿಮಿಷಕ್ಕೆ ಇಳಿಸಿದರೆ ಸಾಕು. ದಾಳಿ ಕಣ್ಣಿಗೆ ಕಾಣುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಚಿತ್ರವನ್ನು ಮೊದಲು ಸಮಿತಿಯ ಮುಂದೆ, ಆಮೇಲೆ ಗ್ರಾಮಸಭೆಯಲ್ಲಿ ತೋರಿಸಬೇಕು. ಮಳೆಗಾಲದ ವನಮಹೋತ್ಸವಕ್ಕೆ ಮುನ್ನ ನರ್ಸರಿಯಿಂದ ಯಾವ ಸಸಿ ಬರುತ್ತಿದೆ, ಯಾವುದು ಬೇಡ ಎಂದು ಊರೇ ಕೇಳಿ ಬರೆಯಿಸಬೇಕು. ವೆಲ್ಸ್ ಕಥೆಯಲ್ಲಿ ಮನುಷ್ಯರಿಗೆ ಅಂಥ ಅವಕಾಶವಿರಲಿಲ್ಲ. ಕೊಪ್ಪದ ಹಳ್ಳಿಗಳಿಗೆ ಇದೆ.