ಎರಡು ಗಾಲಿಯ ಮೇಲೆ, ಅರವತ್ತರ ಮೇಲೆ

ವಾಶಿಯ ಮಾಲೊಂದರಲ್ಲಿ ಮಕ್ಕಳ ಸಾಲಿನಲ್ಲಿ ನಿಂತು ಆ ವಿದ್ಯುತ್ ಸ್ಕೂಟರನ್ನು ಏರಿದಾಗ ನಮಗೆ ಅರವತ್ತು ದಾಟಿತ್ತು. ಗಾಲಿಗಳು ಹಿಂದೆ ಮುಂದೆ ಅಲ್ಲ, ಎಡಕ್ಕೊಂದು ಬಲಕ್ಕೊಂದು. ಮುಂದಕ್ಕೆ ಬಾಗಿದರೆ ಚಲನೆ, ಹಿಂದಕ್ಕೆ ವಾಲಿದರೆ ನಿಲುಗಡೆ. ನಮ್ಮ ವಾಲಿಕೆಯನ್ನು ಜೈರೊಸ್ಕೋಪು ಅಳೆಯುತ್ತದೆ. ಬೀಳುವ ದಿಕ್ಕಿಗೇ ಮೋಟಾರು ಗಾಲಿಗಳನ್ನು ಓಡಿಸಿ ನಮ್ಮನ್ನು ಎತ್ತಿಹಿಡಿಯುತ್ತದೆ. ಹೆದರಿ ಹಿಡಿಕೆಯನ್ನು ಎದೆಗೆ ಸೆಳೆದೆವು. ಯಂತ್ರ ಹಿಂದೆ ಸರಿಯಿತು, ನಾವು ನೆಲ ಕಂಡೆವು. ಡೊಂಬಿವಲಿಯ ಲೋಕಲಿನಲ್ಲಿ ಬಿಗಿಹಿಡಿದವನು ಬದುಕುತ್ತಾನೆ; ಇಲ್ಲಿ ಸಡಿಲ ಬಿಟ್ಟವನು. "ಕಾಕಾ, ಖಾಲೀ ಬಘೂ ನಕಾ" ಎಂದ ಕಲಿಸುವ ಹುಡುಗ. ಕೆಳಗೆ ನೋಡುವುದನ್ನು ಬಿಟ್ಟ ಮೇಲೆಯೇ ನಿಂತೆವು.

ಡೀನ್ ಕಾಮೆನ್ 2001ರಲ್ಲಿ ಸೆಗ್‌ವೇಯನ್ನು ಲೋಕಕ್ಕೆ ತೋರಿಸಿದಾಗ ನಗರಗಳೇ ಬದಲಾಗುವುವೆಂಬ ಮಾತಿತ್ತು. 2020ರಲ್ಲಿ ಅದರ ತಯಾರಿಕೆ ನಿಂತಿತು. ಬೆಲೆಯ ಮಾತು ಇದ್ದದ್ದೇ. ರಸ್ತೆಗೆ ನಿಧಾನವೂ ಕಾಲುದಾರಿಗೆ ವೇಗವೂ ಆದ ವಾಹನಕ್ಕೆ ಜಾಗವೇ ಇರಲಿಲ್ಲವೆಂಬುದು ನಮಗೆ ದೊಡ್ಡ ಕಾರಣವಾಗಿ ಕಾಣುತ್ತದೆ.

ಮಂಡಿ ಸೋತ ಗೆಳೆಯರು ಇದನ್ನು ಕಾಲುದಾರಿಗೆ ಬಿಡಬೇಕೆನ್ನುತ್ತಾರೆ. ಅವರ ಆಸೆ ನಮಗೆ ಅರ್ಥವಾಗುತ್ತದೆ, ನಮ್ಮ ಮಂಡಿಯೂ ಅದನ್ನೇ ಹೇಳುತ್ತದೆ. ಆದರೂ ಒಪ್ಪಲಾರೆವು. ಸಿಡ್ಕೊ ನಕ್ಷೆ ಬರೆದು ಕಟ್ಟಿದ ನವಿಮುಂಬಯಿಯ ಉದ್ಯಾನಗಳಲ್ಲಿ ಇದು ಸುಖವಾಗಿ ಓಡೀತು. ಡೊಂಬಿವಲಿಯ ಫಡ್ಕೆ ರೋಡಿನಲ್ಲೋ ಕಲ್ಯಾಣ ನಿಲ್ದಾಣದ ಹೊರಗೋ ಊರುಗೋಲು ಹಿಡಿದವರಿಗೇ ಕಾಲಿಡಲು ತೆರವಿಲ್ಲ. ಅವರ ಬೆನ್ನ ಹಿಂದೆ ಸದ್ದಿಲ್ಲದೆ ಬರುವ ಗಾಲಿಗಳನ್ನು ತಾಳುವವರು ಯಾರು? ಮೊದಲು ಅವರಿಗೆ ದಾರಿ ಆಗಲಿ. ಅಲ್ಲಿಯವರೆಗೆ ನಮ್ಮ ಸವಾರಿ ಮಾಲಿನ ನುಣುಪು ನೆಲದ ಮೇಲೆಯೇ, ಮಕ್ಕಳ ಸಾಲಿನಲ್ಲಿ.